ಕಂಡಕ್ಟರ್ ಇಲ್ಲದ ಊರಿನಲ್ಲಿ ಮೂರು ತಿಂಗಳು

ಪ್ರಶ್ನೆ: ನನಗೆ 57 ವರ್ಷ. ವಿರಾಜಪೇಟೆ ಹತ್ತಿರ ನಮ್ಮ ಮನೆ. ಮಗಳು ಅಳಿಯ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ಮಾರ್ಚ್‌ನಲ್ಲಿ ಮಗಳಿಗೆ ಹೆರಿಗೆ. ಬಾಣಂತನಕ್ಕೆಂದು ಫೆಬ್ರುವರಿ 20ಕ್ಕೆ ಹೊರಡುತ್ತಿದ್ದೇನೆ. ಅಳಿಯ ಬೆಳಿಗ್ಗೆ ಹೋದರೆ ಬರುವುದು ಸಂಜೆ. ಅವರಿಗೆ ಕಾರಿಲ್ಲ. ಸಾಮಾನು ತರುವುದು, ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ನನ್ನ ಪಾಲಿಗೇ ಬರುತ್ತದೆ. ಮನೆ ಪೆಟುವೆಲ್‌ರಿಂಗ್ ಎಂಬ ಮೆಟ್ರೊ ಸ್ಟೇಷನ್ ಪಕ್ಕ, ಡಾಕ್ಟರು ಬೊನ್ನರ್ ಪ್ಲಾಟ್ಸ್ ಎಂಬಲ್ಲಿ ಅಂತೆ. ನಾನು ಹುಟ್ಟಿದಾಗಿನಿಂದ ವಿರಾಜಪೇಟೆ–ಮಡಿಕೇರಿ ಬಸ್ಸು ಬಿಟ್ಟರೆ ಒಬ್ಬಳೇ ಹೆಚ್ಚು ಓಡಾಡಿದವಳಲ್ಲ. ಅಲ್ಲಿ ಕಂಡಕ್ಟರೇ ಇಲ್ಲವಂತೆ, ಎಲ್ಲಿ ಇಳಿಯಬೇಕೆಂದು ಹೇಳುವವರಿಲ್ಲವಂತೆ. ಪಕ್ಕದ ಮನೆಯ ಹುಡುಗ ಟಿಕೆಟ್ ತೆಗೆದುಕೊಂಡಿದ್ದರೂ 60 ಯೂರೊ ದಂಡ ಕಟ್ಟಿದನಂತೆ. ಟಿಕೆಟ್ ಇಲ್ಲದವರನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ವೀಸಾ ರದ್ದಾಗುತ್ತದೆ ಎಂದು ಒಬ್ಬರು ಹೆದರಿಸಿದರು. ವಯಸ್ಸಾದವರಿಗೆ ಎಲ್ಲ ಫ್ರೀ ಎಂದು ಇನ್ನೊಬ್ಬರು ಹೇಳಿದರು. ಮಂಡಿ ನೋವಿನ ಯಜಮಾನರೂ ಏಪ್ರಿಲ್‌ನಲ್ಲಿ ಬರುತ್ತಾರೆ. ನಾನು ಓಡಾಡಬಹುದೇ, ಅಥವಾ ಮೂರು ತಿಂಗಳು ಮನೆಯೊಳಗೇ ಇದ್ದುಬಿಡುವುದು ಒಳ್ಳೆಯದೇ?

ಉತ್ತರ: ಅಕ್ಕ, ಓಡಾಡಬಹುದು, ಓಡಾಡಲೇಬೇಕು. ಜರ್ಮನಿಯಲ್ಲಿ ನಗರ ಸಾರಿಗೆಯ ವೇಳಾಪಟ್ಟಿ ಮಾಡುವ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದೆ. ಈಗ ಮಡಿಕೇರಿಯಲ್ಲಿದ್ದುಕೊಂಡು ಹೊರದೇಶಕ್ಕೆ ಹೊರಟವರಿಗೆ ಅಲ್ಲಿನ ಓಡಾಟ ಹೇಳಿಕೊಡುತ್ತೇನೆ. ಬಾಣಂತನಕ್ಕೆ ಹೋಗಿ, ಹೊಸಿಲು ದಾಟದೆ, ಕಿಟಕಿಯ ಪಕ್ಕದಲ್ಲೇ ಮೂರು ತಿಂಗಳು ಕಳೆದು ಸೊರಗಿ ಬಂದ ತಾಯಂದಿರನ್ನು ಕಂಡಿದ್ದೇನೆ. ಅವರಲ್ಲಿ ಯಾರಿಗೂ ಬುದ್ಧಿ ಕಡಿಮೆ ಇರಲಿಲ್ಲ. ಮೊದಲ ವಾರ ಯಾರೂ ಜೊತೆಗೆ ನಿಂತು ತೋರಿಸಿಕೊಟ್ಟಿರಲಿಲ್ಲ, ಅಷ್ಟೇ.

ನಿಮ್ಮ ಕಾಗದ ಓದಿದರೆ ನಿಮಗೆ ರೈಲಿನ ಭಯವಿಲ್ಲ, ಕೇಳಲು ಜನರಿಲ್ಲ ಎಂಬ ಭಯ. ಅದು ಸಹಜ. ನಮ್ಮ ಬಸ್ಸಿನಲ್ಲಿ ಪ್ರಯಾಣದ ಮುಕ್ಕಾಲು ಭಾರವನ್ನು ಕಂಡಕ್ಟರೇ ಹೊರುತ್ತಾರೆ. ನೀವು ದಾರಿಯಲ್ಲಿ ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತದೆ. ಚೀಲ ಒಳಗೆ ಎಳೆದುಕೊಳ್ಳುವವರು ಅವರು, ದುಡ್ಡು ಕೇಳುವವರು ಅವರು, ಚಿಲ್ಲರೆ ನೆನಪಿಟ್ಟುಕೊಂಡು ಇಳಿಯುವಾಗ ಕೊಡುವವರೂ ಅವರೇ. ಟಿಕೆಟ್ ತೆಗೆದುಕೊಳ್ಳದೆ ಕುಳಿತರೆ ಅದು ಅವರ ತಲೆನೋವು. ಮ್ಯೂನಿಕ್‌ನಲ್ಲಿ ಈ ಕೆಲಸವಷ್ಟೂ ಪ್ರಯಾಣಿಕರ ಹೆಗಲಿಗೆ ಬಂದಿದೆ. ಟಿಕೆಟ್ ಕೊಳ್ಳುವುದು, ಅದು ಚಾಲ್ತಿಯಲ್ಲಿದೆಯೇ ಎಂದು ನೋಡುವುದು, ದಿಕ್ಕು ತಿಳಿಯುವುದು, ಬಾಗಿಲು ತೆರೆಯುವುದು, ಇಳಿಯುವ ಜಾಗ ಗುರುತಿಸುವುದು ಎಲ್ಲವೂ ನಿಮ್ಮದು. ಅಲ್ಲಿ ನಿಮಗೆ ನೀವೇ ಕಂಡಕ್ಟರ್. ಕಲಿಯಬೇಕಾದದ್ದು ಈ ಕೆಲಸ. ಜರ್ಮನ್ ಭಾಷೆ ಆಮೇಲಿನದು.

ಹೀಗೇಕೆ ಮಾಡಿದರು ಎಂದು ತಿಳಿದರೆ ದಂಡದ ಭಯ ಅರ್ಧ ಇಳಿಯುತ್ತದೆ. 1960ರ ದಶಕದಿಂದೀಚೆಗೆ ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆ ಬಸ್ಸು, ಟ್ರಾಮ್‌ಗಳಿಂದ ಕಂಡಕ್ಟರರನ್ನು ತೆಗೆಯುತ್ತಾ ಬಂದರು. ಕೂಲಿ ದುಬಾರಿ ಎಂಬುದು ಒಂದು ಕಾರಣ. ಸಮಯ ಇನ್ನೊಂದು. ರೈಲು ಒಂದೊಂದು ಸ್ಟೇಷನ್ನಿನಲ್ಲಿ ನಿಲ್ಲುವುದು ಅರ್ಧ ನಿಮಿಷದಷ್ಟು. ಅಷ್ಟರಲ್ಲಿ ಎಲ್ಲ ಬಾಗಿಲಿನಿಂದಲೂ ಜನ ಹತ್ತಿ ಇಳಿಯಬೇಕು. ಹಾಗಾಗಿ ಎಲ್ಲರನ್ನೂ ನಂಬಿ ಒಳಗೆ ಬಿಡುತ್ತಾರೆ, ನಡುವೆ ಯಾವಾಗಲಾದರೂ ಒಮ್ಮೆ ತಪಾಸಣೆ ಮಾಡುತ್ತಾರೆ. ಒಂದು ಪ್ರಯಾಣಕ್ಕೆ 4 ಯೂರೊ ಆಸುಪಾಸು, ದಂಡ 60 ಯೂರೊ. ಅಂದರೆ ಹದಿನೈದು ಸಲಕ್ಕೆ ಒಮ್ಮೆ ಸಿಕ್ಕಿಬಿದ್ದರೂ ಕದ್ದು ಹೋದವರಿಗೆ ಲಾಭವಿಲ್ಲ. ಈ ಲೆಕ್ಕ ನಿಲ್ಲಬೇಕಾದರೆ ತಪಾಸಣೆಯವರು ಯಾರ ಕಥೆಯನ್ನೂ ಕೇಳುವಂತಿಲ್ಲ. ಮರೆತವರಿಗೂ ಕದ್ದವರಿಗೂ ಮೊತ್ತ ಒಂದೇ. ನಿಮ್ಮ ಮೇಲೆ ಸಿಟ್ಟಿನಿಂದ ಮಾಡುವುದಲ್ಲ ಅದು.

ಇದು ನಿಮಗೆ ಪೂರ್ತಿ ಹೊಸತೂ ಅಲ್ಲ. 2023ರ ಜೂನ್ 11ರಿಂದ ನಮ್ಮ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಇದೆಯಲ್ಲ. ದುಡ್ಡು ಕೊಡುವಂತಿಲ್ಲ, ಆದರೂ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಹರಿಸಿಕೊಳ್ಳಬೇಕು. ದುಡ್ಡು ಬೇರೆ, ಪುರಾವೆ ಬೇರೆ. ಮ್ಯೂನಿಕ್‌ನಲ್ಲಿ ನಿಮ್ಮ ಪಕ್ಕದ ಮನೆಯ ಹುಡುಗ ಎಡವಿದ್ದು ಬಹುಶಃ ಇಲ್ಲೇ. ಮೆಷಿನ್ನಿನಲ್ಲಿ ಕೊಂಡ ಕೆಲವು ಕಾಗದದ ಟಿಕೆಟ್‌ಗಳು ಕೈಗೆ ಬಂದ ಕೂಡಲೇ ಚಾಲ್ತಿಗೆ ಬರುವುದಿಲ್ಲ. ಪ್ಲಾಟ್‌ಫಾರ್ಮಿಗೆ ಇಳಿಯುವ ಮೊದಲು ನೀಲಿ ಬಣ್ಣದ ಸಣ್ಣ ಡಬ್ಬಿಗಳಿರುತ್ತವೆ. ಟಿಕೆಟ್‌ನ ತುದಿಯನ್ನು ಅದರೊಳಗೆ ತೂರಿಸಿದರೆ ಟಕ್ ಎಂದು ದಿನಾಂಕ, ಸಮಯ ಅಚ್ಚಾಗುತ್ತದೆ. ಬಸ್ಸು, ಟ್ರಾಮ್‌ನಲ್ಲಾದರೆ ಡಬ್ಬಿ ಒಳಗೇ ಇರುತ್ತದೆ, ಹತ್ತಿದ ತಕ್ಷಣ ಒತ್ತಿಸಿಕೊಳ್ಳಬೇಕು. ಈ ಅಚ್ಚಿಲ್ಲದ ಟಿಕೆಟ್ ನಾಳೆಯೂ ಬಳಸಬಹುದಾದ ಟಿಕೆಟ್. ಅದಕ್ಕೇ ಅವರ ಕಣ್ಣಿಗೆ ಅದು ಟಿಕೆಟ್ಟೇ ಅಲ್ಲ. ಟಿಕೆಟ್ ಮೇಲೆ ‘ಬಿಟೆ ಎಂಟ್‌ವೇರ್ಟೆನ್’ ಎಂದು ಬರೆದಿದ್ದರೆ ಮುದ್ರೆ ಒತ್ತಿಸಿ ಎಂದರ್ಥ. ಮಗಳ ಹತ್ತಿರ ಆ ಎರಡು ಪದ ಬರೆಸಿ ಇಟ್ಟುಕೊಳ್ಳಿ, ಅಕ್ಷರದ ಆಕಾರ ನೋಡಿ ಗುರುತು ಹಿಡಿದರೂ ಸಾಕು.

ಕೈಗೆ ಕೋಳ ಹಾಕುತ್ತಾರೆ ಎಂಬುದನ್ನು ಮನಸ್ಸಿನಿಂದ ತೆಗೆದುಹಾಕಿ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೂ ಬರುತ್ತಾರೆ. ರೈಲು ಹೊರಟ ಮೇಲೆ ತಮ್ಮ ಗುರುತಿನ ಚೀಟಿ ತೋರಿಸಿ ಟಿಕೆಟ್ ಕೇಳುತ್ತಾರೆ. ಸರಿಯಾದ ಟಿಕೆಟ್ ಇಲ್ಲದಿದ್ದರೆ ಹೆಸರು, ವಿಳಾಸ, ಪಾಸ್‌ಪೋರ್ಟ್ ಕೇಳಿ ಒಂದು ಚೀಟಿ ಕೊಡುತ್ತಾರೆ. ಅಲ್ಲೇ ಕಟ್ಟಬಹುದು, ಚೀಟಿಯಲ್ಲಿ ಹೇಳಿದ ದಿನದೊಳಗೆ ಬ್ಯಾಂಕಿನಿಂದಲೂ ಕಟ್ಟಬಹುದು. ಗುರುತು ತೋರಿಸಲು ಏನೂ ಇಲ್ಲದಿದ್ದಾಗ ಅಥವಾ ಜಗಳಕ್ಕೆ ನಿಂತಾಗ ಪೊಲೀಸರನ್ನು ಕರೆಯುವುದುಂಟು. ಬೇಕೆಂದೇ ಟಿಕೆಟ್ ಇಲ್ಲದೆ ಪ್ರಯಾಣಿಸುವುದು ಅಲ್ಲಿನ ದಂಡಸಂಹಿತೆಯಲ್ಲಿ ಅಪರಾಧ ಎಂಬುದು ನಿಜ. ಮತ್ತೆ ಮತ್ತೆ ಸಿಕ್ಕಿಬಿದ್ದವರ ಮೇಲೆ ದೂರು ಹೋಗುತ್ತದೆ. ಗೊತ್ತಿಲ್ಲದೆ ಒಮ್ಮೆ ತಪ್ಪಿ, ದಂಡ ಕಟ್ಟಿ ರಸೀದಿ ಇಟ್ಟುಕೊಂಡವರಿಗೆ ಅಷ್ಟರಿಂದ ವೀಸಾ ರದ್ದಾಗುವುದಿಲ್ಲ. ಆದರೆ ಆ ಚೀಟಿಯನ್ನು ಬ್ಯಾಗಿನಲ್ಲಿ ಮರೆತುಬಿಡಬೇಡಿ, ಅದೇ ದಿನ ಅಳಿಯನ ಕೈಗೆ ಕೊಡಿ. ರಸೀದಿ ಕೊಡದೆ, ಗುರುತಿನ ಚೀಟಿ ತೋರಿಸದೆ ನೋಟು ಕೇಳಿದವರಿಗೆ ಮಾತ್ರ ಕೊಡಬೇಡಿ.

ವಯಸ್ಸಾದವರಿಗೆ ಫ್ರೀ ಎಂಬ ಮಾತು ಬೇರೆ ದೇಶದ ಸುದ್ದಿ ಬೆರೆತು ಹುಟ್ಟಿರಬೇಕು. ಲಕ್ಸೆಂಬರ್ಗ್ ದೇಶದಲ್ಲಿ 2020ರಿಂದ ಬಸ್ಸು, ಟ್ರಾಮ್, ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ. ಮ್ಯೂನಿಕ್ ಹಾಗಲ್ಲ. ಅಲ್ಲಿ 65 ದಾಟಿದವರಿಗೆ ತಿಂಗಳ ಪಾಸಿನಲ್ಲಿ ರಿಯಾಯಿತಿ ಇದೆ, ನಿಮಗಿನ್ನೂ 57. ಆದರೆ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಮಗುವಿನ ಗಾಡಿಗೂ ಬೇಡ. ಮೊಮ್ಮಗು ಧಾರಾಳವಾಗಿ ಓಡಾಡಲಿ.

ಈಗ ನಿಮಗೆ ಯಾವ ಟಿಕೆಟ್ ಹೊಂದುತ್ತದೆ ನೋಡೋಣ. ಇಲ್ಲಿ ಸ್ವಲ್ಪ ನಿಧಾನ ಓದಿ, ಮಗಳ ಜೊತೆ ಕುಳಿತು ಓದಿದರೆ ಇನ್ನೂ ಒಳ್ಳೆಯದು.

ಇಡೀ ದೇಶಕ್ಕೆ ಒಂದೇ ಎನ್ನುವ ತಿಂಗಳ ಟಿಕೆಟ್ ಒಂದಿದೆ, ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ 1ರಂದು 49 ಯೂರೊಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಇದೊಂದಿದ್ದರೆ ಬಸ್ಸು, ಟ್ರಾಮ್, ಊ-ಬಾನ್ ಎನ್ನುವ ನೆಲದಡಿಯ ಮೆಟ್ರೊ, ಎಸ್-ಬಾನ್ ಎನ್ನುವ ನಗರ ರೈಲು, ಹತ್ತಿರದೂರುಗಳ ರೈಲು ಎಲ್ಲಕ್ಕೂ ನಡೆಯುತ್ತದೆ. ದೂರದ ವೇಗದ ರೈಲಿಗೆ ಮಾತ್ರ ಆಗುವುದಿಲ್ಲ. ಮುದ್ರೆ ಒತ್ತಿಸುವ ಗೋಜಿಲ್ಲ, ದೂರಕ್ಕೆ ತಕ್ಕಂತೆ ದರ ಬದಲಾಗುವ ವಲಯಗಳ ಲೆಕ್ಕವಿಲ್ಲ. ತಿಂಗಳಿಗೆ ಹದಿನಾರು ಸಲ, ಅಂದರೆ ಹೋಗಿ ಬರುವುದು ಸೇರಿ ಎಂಟು ದಿನ ಊರೊಳಗೆ ಓಡಾಡಿದರೂ ಬಿಡಿ ಟಿಕೆಟ್‌ಗಿಂತ ಇದೇ ಅಗ್ಗ. ಹೊಸಬರಿಗೆ ನಾನು ಹೇಳುವುದು ಇದನ್ನೇ, ಅಗ್ಗ ಎಂಬುದಕ್ಕಿಂತ ತಪ್ಪು ಮಾಡಲು ಜಾಗ ಕಡಿಮೆ ಎಂಬ ಕಾರಣಕ್ಕೆ.

ಅಪಾಯ ಇಲ್ಲದಿಲ್ಲ. ಇದು ಚಂದಾ ಇದ್ದ ಹಾಗೆ, ನಿಲ್ಲಿಸುವವರೆಗೆ ತಿಂಗಳು ತಿಂಗಳು ಖಾತೆಯಿಂದ ಹೋಗುತ್ತಲೇ ಇರುತ್ತದೆ. ಯಾವ ತಿಂಗಳ ಕೊನೆಗೆ ಬೇಡವೋ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ದುಡ್ಡು ಮಗಳ ಖಾತೆಯಿಂದ ಹೋಗಲಿ, ಆದರೆ ಟಿಕೆಟ್ ಮೇಲಿನ ಹೆಸರು ನಿಮ್ಮದೇ ಇರಬೇಕು, ನಿಮ್ಮ ಪಾಸ್‌ಪೋರ್ಟ್‌ನಲ್ಲಿರುವ ಹಾಗೆಯೇ. ಮಗಳ ಟಿಕೆಟ್ ನೀವು ಹಿಡಿದು ಹೋಗುವಂತಿಲ್ಲ. ಮಗಳ ಫೋನಿನಿಂದ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದೂ ನಡೆಯುವುದಿಲ್ಲ. ನಮ್ಮವರು ಅತಿ ಹೆಚ್ಚು ದಂಡ ಕಟ್ಟಿದ್ದನ್ನು ನಾನು ಕಂಡಿರುವುದು ಈ ಫೋಟೊ ವಿಷಯದಲ್ಲೇ. ಫೋನಿನ ಚಾರ್ಜ್ ಮುಗಿದರೆ ಟಿಕೆಟ್ ಇಲ್ಲ ಎಂದೇ ಲೆಕ್ಕ. ಆದರೆ ಹೆಸರಿರುವ ಪಾಸನ್ನು ಮರೆತು ಬಂದವರು ಒಂದು ವಾರದೊಳಗೆ ಕಚೇರಿಗೆ ಹೋಗಿ ತೋರಿಸಿದರೆ 60ರ ಬದಲು 7 ಯೂರೊಗೆ ಮುಗಿಯುತ್ತದೆ. ಫೋನಿನ ಬದಲು ಕಾರ್ಡ್ ರೂಪದಲ್ಲಿ ಸಿಗುವುದಾದರೆ ಅದನ್ನೇ ಮಾಡಿಸಿ. ಜೊತೆಗೆ ಪಾಸ್‌ಪೋರ್ಟ್ ಇಟ್ಟುಕೊಳ್ಳಬೇಕಾಗುತ್ತದೆ. ಕಳೆದುಹೋದರೆ ದೊಡ್ಡ ತಾಪತ್ರಯ, ಆದ್ದರಿಂದ ಕುತ್ತಿಗೆಗೆ ಹಾಕಿಕೊಳ್ಳುವ ಸಣ್ಣ ಚೀಲ ಒಂದನ್ನು ಸ್ವೆಟರಿನ ಒಳಗೆ ಹಾಕಿಕೊಳ್ಳಿ.

ಎರಡನೆಯದು ಪಟ್ಟಿ ಟಿಕೆಟ್, ‘ಸ್ಟ್ರೈಫನ್‌ಕಾರ್ಟೆ’. ಹತ್ತು ಪಟ್ಟಿ ಇರುವ ಕಾಗದ. ಮ್ಯೂನಿಕ್ ಊರೊಳಗೆ ಒಂದು ಪ್ರಯಾಣಕ್ಕೆ ಎರಡು ಪಟ್ಟಿ, ತೀರಾ ಹತ್ತಿರಕ್ಕೆ ಒಂದು ಪಟ್ಟಿ. ಹತ್ತಿರ ಎಂದರೆ ನಾಲ್ಕು ಸ್ಟಾಪಿನವರೆಗೆ, ಅದರಲ್ಲಿ ರೈಲಿನದು ಎರಡೇ. ನಿಮ್ಮ ಪೆಟುವೆಲ್‌ರಿಂಗ್‌ನಿಂದ ಬೊನ್ನರ್ ಪ್ಲಾಟ್ಸ್‌ಗೆ ಸರಿಯಾಗಿ ಎರಡು ಸ್ಟಾಪು, ಹಾಗಾಗಿ ಡಾಕ್ಟರ ಹತ್ತಿರ ಹೋಗಲು ಒಂದೇ ಪಟ್ಟಿ ಸಾಕು, ಬರಲು ಇನ್ನೊಂದು. ಇದರ ಮೇಲೆ ಹೆಸರಿಲ್ಲ, ಫೋನು ಬೇಡ, ತಿಂಗಳ ಹಂಗಿಲ್ಲ. ಆದರೆ ಪ್ರತಿ ಸಲವೂ ಆ ನೀಲಿ ಡಬ್ಬಿಯನ್ನು ನೆನಪಿಟ್ಟುಕೊಳ್ಳಬೇಕು, ಎಷ್ಟನೆಯ ಪಟ್ಟಿ ಮಡಿಚಿ ತೂರಿಸಬೇಕೆಂದು ಎಣಿಸಬೇಕು. ಅಳುವ ಮಗು ಕೈಯಲ್ಲಿರುವಾಗ ಇದು ಕಷ್ಟ.

ನಿಮ್ಮ ತಾರೀಖು ನೋಡಿ ನಾನು ಹೀಗೆ ಮಾಡುತ್ತಿದ್ದೆ: ತಿಂಗಳ ಟಿಕೆಟ್ ಒಂದನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಲೆಕ್ಕ, ಆದ್ದರಿಂದ ಫೆಬ್ರುವರಿ 20ಕ್ಕೆ ಬಂದವರು ಆ ತಿಂಗಳ ಪೂರ್ತಿ ದುಡ್ಡು ಸುರಿಯುವುದು ಬೇಡ. ಆ ಎಂಟೊಂಬತ್ತು ದಿನ ಪಟ್ಟಿ ಟಿಕೆಟ್‌ನಲ್ಲಿ ಅಭ್ಯಾಸ ಮಾಡಿ. ಮಾರ್ಚ್, ಏಪ್ರಿಲ್‌ಗೆ ಡಾಯ್ಚ್‌ಲಾಂಡ್ ಟಿಕೆಟ್. ವೀಸಾದ 90 ದಿನ ಮೇ ಮೂರನೇ ವಾರಕ್ಕೆ ಮುಗಿಯುತ್ತದೆ. ಮೇ ತಿಂಗಳಿಗೂ ಬೇಕೇ ಎಂದು ಏಪ್ರಿಲ್ 10ರೊಳಗೆ ತೀರ್ಮಾನಿಸಿ. ಯಜಮಾನರು ಬಂದ ಮೇಲೆ ಭಾನುವಾರ ಎಲ್ಲರೂ ಸೇರಿ ಹೊರಟರೆ ಗುಂಪಿನ ದಿನದ ಟಿಕೆಟ್ ಇದೆ, ಐದು ಜನ ದೊಡ್ಡವರವರೆಗೆ ಒಂದೇ ಟಿಕೆಟ್, ಮಾರನೆಯ ಬೆಳಗಿನ ಆರರವರೆಗೆ. ಅವರ ಮಂಡಿಗೆ ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ, ಬಸ್ಸು ಸ್ಟಾಪಿನಲ್ಲಿ ಬಾಗಿಲಿನ ಕಡೆಗೆ ವಾಲಿ ತಗ್ಗುತ್ತದೆ, ನಮ್ಮ ಬಸ್ಸಿನ ಎತ್ತರದ ಮೆಟ್ಟಿಲಿನ ಕಷ್ಟ ಅಲ್ಲಿಲ್ಲ. ಟ್ಯಾಕ್ಸಿಯನ್ನು ದಾರಿ ಎಂದು ನೆಚ್ಚಿಕೊಳ್ಳಬೇಡಿ. ದರ ಹೆಚ್ಚು, ಮಗುವಿಗೆ ಕಾರಿನಲ್ಲಿ ಪ್ರತ್ಯೇಕ ಸೀಟು ಇರಲೇಬೇಕೆಂಬ ಕಾನೂನೂ ಇದೆ.

ಇನ್ನು ಇಳಿಯುವ ಜಾಗ. ವಿರಾಜಪೇಟೆಯಿಂದ ಮಡಿಕೇರಿಗೆ ಹೋಗುವಾಗ ನೀವು ಯಾವ ಬೋರ್ಡನ್ನೂ ಓದುವುದಿಲ್ಲ. ಬೇತ್ರಿಯ ಹೊಳೆ ದಾಟಿದರೆ ಮೂರ್ನಾಡು ಬಂತು, ಮೇಕೇರಿ ಬಂದರೆ ಚೀಲ ಎತ್ತಿಕೊಳ್ಳಬೇಕು ಎಂದು ಕಣ್ಣಿಗೇ ಗೊತ್ತು. ನೆಲದಡಿಯ ರೈಲಿನಲ್ಲಿ ಕಿಟಕಿಯಾಚೆ ಬರೀ ಕತ್ತಲೆ. ಹೊಳೆಯಿಲ್ಲ, ತೋಟವಿಲ್ಲ. ಅದಕ್ಕೇ ಕಣ್ಣಿನ ಕೆಲಸವನ್ನು ಬೆರಳಿಗೆ ಕೊಡಬೇಕು. ಸಣ್ಣ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಊರ ನಡುವಿನ ಮರಿಯೆನ್‌ಪ್ಲಾಟ್ಸ್‌ನಿಂದ ನಿಮ್ಮ ಮನೆಗೆ: ಓಡಿಯೋನ್ಸ್‌ಪ್ಲಾಟ್ಸ್, ಉನಿವರ್ಸಿಟೇಟ್, ಗಿಜೆಲಾಸ್ಟ್ರಾಸೆ, ಮ್ಯೂನ್ಶ್‌ನರ್ ಫ್ರೈಹೈಟ್, ಬೊನ್ನರ್ ಪ್ಲಾಟ್ಸ್, ಶೈಡ್‌ಪ್ಲಾಟ್ಸ್, ಪೆಟುವೆಲ್‌ರಿಂಗ್. ಒಟ್ಟು ಏಳು. ಪ್ರತಿ ಸಲ ರೈಲು ನಿಂತಾಗ ಒಂದೊಂದು ಬೆರಳು ಮಡಿಸಿ. ‘ಶೈಡ್‌ಪ್ಲಾಟ್ಸ್’ ಎಂಬ ಹೆಸರಿನ ಕೆಳಗೆ ದಪ್ಪ ಗೆರೆ ಎಳೆಯಿರಿ, ಅದು ನಿಮ್ಮ ಮೇಕೇರಿ. ಇಳಿಯುವ ಸ್ಟಾಪಿಗಿಂತ ಅದರ ಹಿಂದಿನ ಸ್ಟಾಪಿನ ಹೆಸರು ಗೊತ್ತಿರುವುದೇ ಹೆಚ್ಚು ಉಪಯೋಗ, ಎದ್ದು ನಿಲ್ಲಲು ಪುರಸೊತ್ತು ಸಿಗುತ್ತದೆ.

ಈ ದಾರಿಯಲ್ಲಿ ಒಂದು ಕವಲಿದೆ. ನಿಮ್ಮ ರೈಲು ಯು3. ಅದೇ ಹಳಿಯ ಮೇಲೆ, ಅದೇ ಪ್ಲಾಟ್‌ಫಾರ್ಮಿಗೆ ಯು6 ಎಂಬ ಇನ್ನೊಂದು ರೈಲೂ ಬರುತ್ತದೆ. ಮ್ಯೂನ್ಶ್‌ನರ್ ಫ್ರೈಹೈಟ್‌ವರೆಗೆ ಎರಡೂ ಒಂದೇ ದಾರಿ, ಆಮೇಲೆ ಯು6 ಬೇರೆ ಕಡೆ ತಿರುಗುತ್ತದೆ. ಮಡಿಕೇರಿ ಎಂದು ಹತ್ತಿದ ಬಸ್ಸು ಮೂರ್ನಾಡಿನಲ್ಲಿ ನಾಪೋಕ್ಲು ಕಡೆ ತಿರುಗಿದ ಹಾಗೆ. ಆದ್ದರಿಂದ ರೈಲಿನ ಮುಖದ ಮೇಲೆ ನಂಬರಿನ ಜೊತೆ ಕೊನೆಯ ಸ್ಟೇಷನ್ನಿನ ಹೆಸರನ್ನೂ ನೋಡಿ. ಮನೆ ಕಡೆಗೆ ಬರುವುದು ಮೋಸಾಖ್ ಎಂಬ ಹೆಸರಿನ ಯು3. ತಪ್ಪಿ ಯು6 ಹತ್ತಿದಿರಿ ಎಂದು ತಿಳಿಯಿತೇ? ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಎದುರು ದಿಕ್ಕಿನ ರೈಲು ಹಿಡಿದು ಮ್ಯೂನ್ಶ್‌ನರ್ ಫ್ರೈಹೈಟ್‌ಗೆ ವಾಪಸು ಬನ್ನಿ. ಹಗಲಿನಲ್ಲಿ ಐದು–ಹತ್ತು ನಿಮಿಷಕ್ಕೊಂದು ರೈಲಿರುತ್ತದೆ. ನಮ್ಮಲ್ಲಿ ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಆಗುವ ಎದೆಬಡಿತ ಅಲ್ಲಿ ಬೇಕಾಗಿಲ್ಲ.

ಏರ್‌ಪೋರ್ಟಿನ ದಾರಿಯಲ್ಲಿ ಇನ್ನೂ ದೊಡ್ಡ ಕವಲಿದೆ. ಎಸ್1 ಎಂಬ ರೈಲು ನಾಯ್‌ಫಾರ್ನ್ ಎಂಬಲ್ಲಿ ಎರಡು ತುಂಡಾಗುತ್ತದೆ. ಒಂದು ತುಂಡು ಏರ್‌ಪೋರ್ಟಿಗೆ, ಇನ್ನೊಂದು ಫ್ರೈಸಿಂಗ್ ಎಂಬ ಊರಿಗೆ. ನಾನು ಹೋದ ಮೊದಲ ವರ್ಷ ಅಪ್ಪ ಬರುವ ದಿನ ಫ್ರೈಸಿಂಗ್ ತುಂಡಿನಲ್ಲಿ ಕುಳಿತುಬಿಟ್ಟಿದ್ದೆ. ಜರ್ಮನ್‌ನಲ್ಲಿ ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಲ್ಲಿಂದ ಬಸ್ಸು ಹಿಡಿದು ಏರ್‌ಪೋರ್ಟ್ ತಲುಪುವಷ್ಟರಲ್ಲಿ ಅಪ್ಪ ಕಾಫಿಪುಡಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದೂವರೆ ಗಂಟೆ ಕಾದಿದ್ದರು. ಇಂದಿಗೂ ಆ ಮುಖ ನನ್ನ ಕಣ್ಣಮುಂದಿದೆ. ಅಳಿಯ ನಿಮ್ಮನ್ನು ಕರೆತರಲು ಬರುವುದಾದರೆ ಎಸ್8 ಹಿಡಿಯಲು ಹೇಳಿ, ಅದು ತುಂಡಾಗುವುದಿಲ್ಲ.

ಜರ್ಮನಿಯ ರೈಲು ಗಡಿಯಾರದಂತೆ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ತಲುಪಿದ್ದು ಶೇ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಲೆಕ್ಕ ಹಿಡಿಯದೆ. ಮೆಟ್ರೊ ವಾಸಿ. ಹಾಗಿದ್ದರೂ ಡಾಕ್ಟರ ಹತ್ತಿರ ಹೋಗುವ ದಿನ ಅರ್ಧ ಗಂಟೆ ಮೊದಲೇ ಹೊರಡಿ.

ಬಾಗಿಲು ತಾನಾಗಿ ತೆರೆಯುತ್ತದೆ ಎಂದು ಕಾಯುತ್ತಾ ನಿಂತು ರೈಲು ತಪ್ಪಿಸಿಕೊಂಡವರಿದ್ದಾರೆ. ಹೊಸ ಬೋಗಿಯಲ್ಲಿ ಗುಂಡಿ ಒತ್ತಬೇಕು, ಮ್ಯೂನಿಕ್ ಮೆಟ್ರೊದ ಹಳೆಯ ಬೋಗಿಗಳಲ್ಲಿ ಹಿಡಿಕೆಯನ್ನು ಪಕ್ಕಕ್ಕೆ ಎಳೆಯಬೇಕು, ಸ್ವಲ್ಪ ಬಲ ಬೇಕು. ‘ಟ್ಸುರುಕ್‌ಬ್ಲೈಬೆನ್ ಬಿಟೆ’ ಎಂದು ಕೇಳಿಸಿದರೆ ಅದು ಅವರ ‘ರೈಟ್ ರೈಟ್’. ಆಮೇಲೆ ಓಡಬೇಡಿ, ಬಾಗಿಲಿಗೆ ಕೈ ಕೊಡಬೇಡಿ. ಬಸ್ಸಿನಲ್ಲಿ ಇಳಿಯುವ ಸ್ಟಾಪಿಗೆ ಮೊದಲು ಕಂಬದ ಮೇಲಿನ ಗುಂಡಿ ಒತ್ತಿ, ಇಲ್ಲದಿದ್ದರೆ ನಿಲ್ಲಿಸದೆ ಹೋಗಬಹುದು. ಸ್ಟಾಪು ಬಿಟ್ಟು ಬೇರೆಲ್ಲಿ ಕೈ ಅಡ್ಡ ಹಿಡಿದರೂ ನಿಲ್ಲುವುದಿಲ್ಲ. ಮಗುವಿನ ಗಾಡಿಯನ್ನು ಎಸ್ಕಲೇಟರ್ ಮೇಲೆ ಒಯ್ಯಬಾರದು, ಲಿಫ್ಟಿನಲ್ಲೇ ಹೋಗಿ. ಬಸ್ಸಿನಲ್ಲಿ ಗಾಡಿಗೆಂದೇ ಬಿಟ್ಟ ಜಾಗವಿದೆ. ಅಲ್ಲಿ ನಿಲ್ಲಿಸಿ ಬ್ರೇಕ್ ಹಾಕಿ, ಒಂದು ಕೈ ಗಾಡಿಯ ಮೇಲಿರಲಿ. ಏನಾದರೂ ಆದರೆ ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ಸಹಾಯಕ್ಕೆ ಕರೆಯುವ ಕಂಬಗಳಿವೆ. ತುರ್ತಿಗೆ ಫೋನ್ ನಂಬರ್ 112.

ಬೇರೆ ದೇಶಕ್ಕೆ ಹೊರಟ ಮಕ್ಕಳಿರುವ ಓದುಗರಿಗೂ ಎರಡು ಮಾತು: ಮ್ಯೂನಿಕ್‌ನ ಪಾಠ ಎಲ್ಲ ಕಡೆ ನಡೆಯದು. ಲಂಡನ್ ಬಸ್ಸಿನಲ್ಲಿ 2014ರಿಂದ ನೋಟು, ಚಿಲ್ಲರೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಬಸ್ಸು ಹತ್ತುವಾಗ ಮಾತ್ರ ಕಾರ್ಡ್ ತಾಗಿಸಬೇಕು, ಮೆಟ್ರೊದಲ್ಲಿ ಹತ್ತುವಾಗಲೂ ಇಳಿದ ಮೇಲೂ ಒಂದೇ ಕಾರ್ಡ್ ತಾಗಿಸಬೇಕು. ಒಳಗೆ ಕಾರ್ಡ್, ಹೊರಗೆ ಫೋನ್ ತಾಗಿಸಿದರೆ ಎರಡು ಅರ್ಧ ಪ್ರಯಾಣವೆಂದು ಹಿಡಿದು ಹೆಚ್ಚು ದುಡ್ಡು ಮುರಿಯುತ್ತದೆ. ಸಿಂಗಪುರದಲ್ಲಿ ಬಸ್ಸಿನಿಂದ ಇಳಿಯುವಾಗಲೂ ತಾಗಿಸಬೇಕು. ದುಬೈ ಮೆಟ್ರೊದಲ್ಲಿ ಹೆಂಗಸರು, ಮಕ್ಕಳಿಗೆಂದೇ ಬೋಗಿ ಇದೆ, ಒಳಗೆ ಏನಾದರೂ ತಿಂದರೆ ದಂಡ.

ಅಕ್ಕ, ಹೊರಡುವ ಮೊದಲು ನೀವು ಮಾಡಬೇಕಾದ ಕೆಲಸ ಒಂದಿದೆ. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ, ಎಸ್ಕಲೇಟರ್ ಹತ್ತಿ ಅಭ್ಯಾಸವೂ ಕಡಿಮೆ. ವಿಮಾನಕ್ಕೆ ಹೋಗುವ ಹಿಂದಿನ ದಿನವೇ ಬೆಂಗಳೂರು ಸೇರಿ. ಕೆಂಗೇರಿಯಲ್ಲಿ ಬಸ್ಸಿಳಿದು, ಸಾಮಾನನ್ನು ನೆಂಟರ ಜೊತೆ ಕಳಿಸಿ, ನಮ್ಮ ಮೆಟ್ರೊದಲ್ಲಿ ಮೆಜೆಸ್ಟಿಕ್‌ವರೆಗೆ ಹೋಗಿ. ಎಸ್ಕಲೇಟರ್ ಮೇಲೆ ಬಲಗಡೆ ನಿಂತು ಎರಡು ಮೂರು ಸಲ ಹತ್ತಿ ಇಳಿಯಿರಿ, ಮ್ಯೂನಿಕ್‌ನಲ್ಲಿ ನಿಲ್ಲುವವರು ಬಲಕ್ಕೇ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಬೆಂಗಳೂರಿನಲ್ಲಿ ಟಿಕೆಟ್ ಇಲ್ಲದಿದ್ದರೆ ಗೇಟು ತೆರೆಯುವುದಿಲ್ಲ. ಮ್ಯೂನಿಕ್‌ನಲ್ಲಿ ಗೇಟೇ ಇಲ್ಲ, ಸೀದಾ ರೈಲಿನವರೆಗೆ ನಡೆದುಹೋಗಬಹುದು. ಯಾರೂ ತಡೆಯಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದಲ್ಲ.

ಅಲ್ಲಿ ಮೊದಲ ಎರಡು ಪ್ರಯಾಣ ಅಳಿಯನ ಪಕ್ಕದಲ್ಲೇ ಕುಳಿತು ಮಾಡಿ. ಮೂರನೆಯ ಸಲ ಅವರು ಅದೇ ಬೋಗಿಯಲ್ಲಿ ನಾಲ್ಕು ಸೀಟು ಹಿಂದೆ ಕೂರಲಿ, ಮಾತಾಡಿಸಬಾರದು, ನೀವು ತಪ್ಪಿದರೂ ಒಂದು ಸ್ಟಾಪು ಸುಮ್ಮನಿರಬೇಕು. ನಾಲ್ಕನೆಯದು ಒಬ್ಬರೇ. ಹೆರಿಗೆಗೆ ಮೊದಲೇ, ಮಗುವಿನ ಗಾಡಿ ಕೈಗೆ ಬರುವ ಮೊದಲೇ ಅದು ಆಗಿಬಿಡಲಿ. ವಾರದ ನಡುವೆ ಒಂದು ದಿನ, ಆಫೀಸಿನ ಗದ್ದಲ ಇಳಿದ ಮೇಲೆ ಹತ್ತೂವರೆಗೆ ಹೊರಡಿ. ಪೆಟುವೆಲ್‌ರಿಂಗ್‌ನಿಂದ ಎರಡು ಸ್ಟಾಪು, ಬೊನ್ನರ್ ಪ್ಲಾಟ್ಸ್‌ನಲ್ಲಿ ಇಳಿದು ಮೇಲೆ ಬಂದು ಡಾಕ್ಟರ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳಿ, ಹತ್ತಿರದ ಅಂಗಡಿಯಲ್ಲಿ ಒಂದು ಬ್ರೆಡ್ ತೆಗೆದುಕೊಳ್ಳಿ, ವಾಪಸು ಬರುವಾಗ ಇನ್ನೊಂದು ಪಟ್ಟಿ ಒತ್ತಿಸಿ. ಮನೆ ಬಾಗಿಲಿಗೆ ಬಂದ ಮೇಲೆ ಮಗಳಿಗೆ ಹೇಳಿದರೆ ಸಾಕು.